ಹೂವಿನ ಬಟ್ಟಲಲ್ಲಿ ವಿಷ: ಜೇನ್ನೊಣಕ್ಕೆ ಮುಳುವಾಗುವ ಮಕರಂದ

ಹೂವಿಗೂ ಜೇನ್ನೊಣಕ್ಕೂ ಇರುವ ನಂಟು ಪ್ರಕೃತಿಯಲ್ಲಿ ಕಾಣಬರುವ ಸ್ನೇಹಗಳಲ್ಲೆಲ್ಲ ಮಧುರವಾದುದೆಂದು ನಾವು ಚಿಕ್ಕಂದಿನಿಂದಲೂ ಓದುತ್ತ ಬಂದಿದ್ದೇವೆ. ಹೂವು ಮಕರಂದವನ್ನು ಕೊಡುತ್ತದೆ; ನೊಣವು ಅದನ್ನು ಕುಡಿದು ಮೈಗೆ ಅಂಟಿದ ಪರಾಗವನ್ನು ಮತ್ತೊಂದು ಹೂವಿಗೆ ಮುಟ್ಟಿಸುತ್ತದೆ; ಗಿಡವು ಕಾಯಿ ಕಟ್ಟುತ್ತದೆ, ಗೂಡು ತುಂಬುತ್ತದೆ. ಈ ಮಾತು ಬಹುಮಟ್ಟಿಗೆ ನಿಜ. ಆದರೆ ಎಲ್ಲ ಹೂಗಳ ವಿಷಯದಲ್ಲಿಯೂ ನಿಜವಲ್ಲ. ಕೆಲವು ಹೂಗಳು ತಮ್ಮಲ್ಲಿಗೆ ಬಂದ ಅತಿಥಿಯನ್ನು ಮಂಕುಗೊಳಿಸುತ್ತವೆ. ಕೆಲವು ಅದರ ಮರಿಗಳನ್ನು ಗೂಡಿನಲ್ಲಿಯೇ ಕೊಲ್ಲುತ್ತವೆ. ಇನ್ನು ಕೆಲವು, ಬಂದ ನೊಣವನ್ನು ತಮ್ಮ ಬಟ್ಟಲಿನಲ್ಲಿಯೇ ಹೆಣವಾಗಿಸುತ್ತವೆ.

ಇದು ಸಸ್ಯಶಾಸ್ತ್ರಜ್ಞರ ಕುತೂಹಲಕ್ಕೆ ಮಾತ್ರ ಸೇರಿದ ವಿಷಯವೆಂದು ವಾಚಕರು ತಿಳಿಯಬಾರದು. ಹಾವೇರಿಗೆ ಸಮೀಪದ ಅಗಡಿಯಂತಹ ಊರಿನಲ್ಲಿ ನಿಂತು ಸುತ್ತಲಿನ ಹೊಲಗಳನ್ನು ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಹತ್ತಿ, ಗೋವಿನಜೋಳ, ಮೆಣಸಿನಕಾಯಿ, ಉಳ್ಳಾಗಡ್ಡಿ, ಸೂರ್ಯಕಾಂತಿ - ಹಾವೇರಿ, ರಾಣಿಬೆನ್ನೂರು, ಬ್ಯಾಡಗಿ ಸೀಮೆಯ ಬೆಳೆಗಳು ಇವು. ರಾಣಿಬೆನ್ನೂರಿನ ಸುತ್ತಮುತ್ತ ತರಕಾರಿ ಮತ್ತು ಹತ್ತಿಯ ಬೀಜೋತ್ಪಾದನೆಯೂ ಬಹಳವಾಗಿ ನಡೆಯುತ್ತದೆ. ಸೂರ್ಯಕಾಂತಿಯ ತೆನೆಯಲ್ಲಿ ಕಾಳು ಗಟ್ಟಿಯಾಗಿ ತುಂಬಬೇಕಾದರೂ ಉಳ್ಳಾಗಡ್ಡಿಯ ಹೂಗೊಂಚಲು ಬೀಜ ಕಟ್ಟಬೇಕಾದರೂ ಕೀಟಗಳ ಸೇವೆ ಬೇಕು. ಆ ಸೇವೆಯಲ್ಲಿ ಹಿರಿಯ ಪಾಲು ನಮ್ಮ ನಾಲ್ಕು ಬಗೆಯ ಜೇನುಗಳದು: ಮರದ ಎತ್ತರದ ಕೊಂಬೆಗೆ ಒಂದೇ ಎರಿಯನ್ನು ಇಳಿಬಿಡುವ ಹೆಜ್ಜೇನು, ಪೊದೆಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವ ಕೋಲುಜೇನು, ಪೊಟರೆಯಲ್ಲಿಯೂ ಪೆಟ್ಟಿಗೆಯಲ್ಲಿಯೂ ಸಂಸಾರ ಹೂಡುವ ತುಡುವೆ, ಗೋಡೆಯ ಸಂದಿಯಲ್ಲಿ ಮೇಣದ ಕೊಳವೆಯ ಬಾಗಿಲಿಟ್ಟು ಬದುಕುವ ಮುಳ್ಳಿಲ್ಲದ ಮುಜಂಟಿ. ಇವುಗಳ ಆಹಾರದಲ್ಲಿ ಯಾವುದು ಅಮೃತ, ಯಾವುದು ವಿಷ ಎಂಬುದನ್ನು ಅರಿಯುವುದು ಆದುದರಿಂದ ರೈತನ ಲಾಭನಷ್ಟಕ್ಕೇ ಸಂಬಂಧಿಸಿದ ಮಾತು.

ನೀರುಕಾಯಿ ಮರದ ಕೆಂಪು ಬಟ್ಟಲು

ಕರ್ನಾಟಕದ ಪೇಟೆಪಟ್ಟಣಗಳಲ್ಲಿ ಓಡಾಡಿದವರೆಲ್ಲರೂ ಒಂದು ಮರವನ್ನು ಕಂಡೇ ಇರುತ್ತಾರೆ. ಬೆಂಗಳೂರಿನ ಬೀದಿಗಳಲ್ಲಿ, ಉದ್ಯಾನಗಳಲ್ಲಿ, ಮಲೆನಾಡಿನ ತೋಟಗಳ ಅಂಚಿನಲ್ಲಿ ಅದು ಎತ್ತರವಾಗಿ ಬೆಳೆದು ತಲೆಯ ತುಂಬ ಕೆಂಡದಂತಹ ಹೂಗಳನ್ನು ಹೊತ್ತು ನಿಲ್ಲುತ್ತದೆ. ಅದರ ಬಾಗಿದ ಮೊಗ್ಗನ್ನು ಕಿತ್ತು ತುದಿಯನ್ನು ಚಿವುಟಿ ಒತ್ತಿದರೆ ಒಳಗಿನ ನೀರು ಪಿಚಕಾರಿಯಂತೆ ಚಿಮ್ಮುತ್ತದೆ. ಆದುದರಿಂದಲೇ ಮಕ್ಕಳಿಗೆ ಅದು ಆಟದ ಮರ, ಜನರ ಬಾಯಲ್ಲಿ ನೀರುಕಾಯಿ ಮರ. ಇದರ ಶಾಸ್ತ್ರೀಯ ನಾಮ ಸ್ಪ್ಯಾಥೋಡಿಯಾ ಕ್ಯಾಂಪನ್ಯುಲೇಟಾ. ತವರು ಆಫ್ರಿಕಾ ಖಂಡದ ಉಷ್ಣಪ್ರದೇಶ. ಚೆಲುವಿಗೆ ಮಾರುಹೋದ ಮನುಷ್ಯನು ಇದನ್ನು ಪ್ರಪಂಚದ ಬಿಸಿನಾಡುಗಳಿಗೆಲ್ಲ ಹಂಚಿದನು. ಇಂದು ಪ್ರಪಂಚದ ನೂರು ಅತಿ ಉಪದ್ರವಕಾರಿ ಆಕ್ರಮಣಶೀಲ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರೂ ಸೇರಿದೆ.

ಈ ಮರದ ಕೆಳಗೆ ಉದುರಿದ ಹೂವನ್ನೆತ್ತಿ ಅದರ ಬಟ್ಟಲಿನೊಳಗೆ ಇಣುಕಿ ನೋಡಿದರೆ ಸಣ್ಣ ಸಣ್ಣ ಕೀಟಗಳು ಸತ್ತು ಬಿದ್ದಿರುವುದು ಹಲವು ವೇಳೆ ಕಣ್ಣಿಗೆ ಬೀಳುತ್ತದೆ. ಮೊದಮೊದಲು ಇದನ್ನು ಗಮನಕ್ಕೆ ತಂದವರು ಬ್ರೆಜಿಲ್ ದೇಶದವರು. ಅಲ್ಲಿಯೂ ಇದು ಹೊರಗಿನಿಂದ ಬಂದ ಅಲಂಕಾರದ ಮರವೇ. ಮುಳ್ಳಿಲ್ಲದ ಜೇನುಗಳ ಸಾಕಣೆಯು ಬಹುಕಾಲದಿಂದ ರೂಢಿಯಲ್ಲಿರುವ ಆ ದೇಶದಲ್ಲಿ, ೧೯೬೩ರಷ್ಟು ಹಿಂದೆಯೇ ಪೋರ್ತುಗಾಲ್-ಅರಾಉಜೊ ಎಂಬ ತಜ್ಞರು ಕೃಷಿಪತ್ರಿಕೆಯೊಂದರಲ್ಲಿ ಈ ಮರ ಹರಡುವುದರಿಂದ ಒದಗಬಹುದಾದ ಅಪಾಯವನ್ನು ಎತ್ತಿ ತೋರಿಸಿದರು. ೨೦೦೦ದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಹೂಗಳೊಳಗೆ ಸತ್ತ ಕೀಟಗಳನ್ನು ಹೆಕ್ಕಿ ಎಣಿಸಿದಾಗ ಅವುಗಳಲ್ಲಿ ಬಹುಪಾಲು ಮುಳ್ಳಿಲ್ಲದ ಜೇನುಗಳೇ ಆಗಿದ್ದವು. ೨೦೧೪ರಲ್ಲಿ ಅಮೆಜಾನ್ ಪ್ರದೇಶದ ಎರಡು ಜಾತಿಯ ಮುಳ್ಳಿಲ್ಲದ ಜೇನುಗಳಿಗೆ ಈ ಹೂವಿನ ಮಕರಂದವನ್ನೂ ಪರಾಗವನ್ನೂ ತಿನ್ನಿಸಿ ಪರೀಕ್ಷಿಸಿದ ವಿಜ್ಞಾನಿಗಳು, ಅವುಗಳ ಆಯುಸ್ಸು ಕುಗ್ಗುವುದನ್ನು ಕಂಡರು. ಕೊನೆಗೆ ೨೦೧೯ರಲ್ಲಿ ಬ್ರೆಜಿಲ್ಲಿನ ಸಾಂತಾ ಕತಾರೀನಾ ರಾಜ್ಯವು ಈ ಮರದ ಸಸಿ ಬೆಳೆಸುವುದನ್ನೂ ನೆಡುವುದನ್ನೂ ಕಾಯಿದೆಯ ಮೂಲಕ ನಿಷೇಧಿಸಿತು. ಹೂವು ಜೇನನ್ನು ಕೊಲ್ಲುತ್ತದೆಂಬ ಕಾರಣಕ್ಕಾಗಿ ಒಂದು ಸರ್ಕಾರವು ಮರವೊಂದರ ಮೇಲೆ ಶಾಸನ ಮಾಡಿದುದು ವಿರಳವಾದ ಸಂಗತಿಯೇ ಸರಿ.

ಹಾಗಾದರೆ ಈ ಮರವು ತನ್ನ ತವರಿನಲ್ಲಿ ಕಾಯಿ ಕಟ್ಟುವುದು ಹೇಗೆ? ಉತ್ತರ ಸರಳವಾಗಿದೆ. ಅದು ಜೇನ್ನೊಣವನ್ನು ನೆಚ್ಚಿಕೊಂಡ ಮರವಲ್ಲ, ಹಕ್ಕಿಗಳನ್ನು ನೆಚ್ಚಿಕೊಂಡ ಮರ. ಕೆಂಪು ಬಣ್ಣ, ಮೇಲ್ಮೊಗವಾದ ಅಗಲ ಬಟ್ಟಲು, ಧಾರಾಳವಾದ ತೆಳು ಮಕರಂದ - ಇವೆಲ್ಲ ಕೊಕ್ಕಿನ ಅತಿಥಿಗೆ ಹಾಕಿದ ಮಣೆ. ನಮ್ಮಲ್ಲಿಯೂ ಸೂರಕ್ಕಿಗಳು ಈ ಹೂವಿಗೆ ಎರಗುತ್ತವೆ. ಜೇನ್ನೊಣದ ಕಣ್ಣಿಗೆ ಕೆಂಪು ಬಣ್ಣ ನಮಗೆ ಕಾಣುವಂತೆ ಕಾಣದು. ಆದರೂ ಸಿಹಿಯ ಆಸೆಯಿಂದ ಒಳಹೊಕ್ಕ ಪುಟ್ಟ ನೊಣ ಪರಾಗಸ್ಪರ್ಶಕ್ಕೆ ಒದಗುವುದಿಲ್ಲ. ಮರದ ಪಾಲಿಗೆ ಅದೊಬ್ಬ ಕಳ್ಳ. ಆಫ್ರಿಕಾದ ಜೀವಿಗಳೊಡನೆ ಮಾಡಿಕೊಂಡ ಒಪ್ಪಂದವನ್ನು ಆ ಮರವು ಬ್ರೆಜಿಲ್ಲಿಗೂ ಬೆಂಗಳೂರಿಗೂ ಹೊತ್ತು ತಂದಿದೆ; ಆ ಒಪ್ಪಂದದಲ್ಲಿ ನಮ್ಮ ಮುಜಂಟಿಯು ಭಾಗಿಯಾಗಿರಲಿಲ್ಲ.

ವಿಷಗಳ ಬಗೆಗಳು

ಹೂವಿನ ವಿಷಗಳೆಲ್ಲ ಒಂದೇ ಕುಲಕ್ಕೆ ಸೇರಿದವಲ್ಲ. ಅವುಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ನರಮಂಡಲವನ್ನೂ ಅಂಗಾಂಶಗಳನ್ನೂ ನೇರವಾಗಿ ಘಾಸಿಗೊಳಿಸುವ ಸಸ್ಯರಸಾಯನಗಳು. ಇವುಗಳಲ್ಲಿ ಹೆಸರುವಾಸಿಯಾದುದು ರೋಡೊಡೆಂಡ್ರಾನ್ ಹೂವಿನ ಗ್ರಯಾನೋಟಾಕ್ಸಿನ್. ಕ್ರಿಸ್ತಪೂರ್ವ ೪೦೧ರಲ್ಲಿ ಕಪ್ಪು ಸಮುದ್ರದ ದಡದ ಟ್ರೆಬಿಜಾಂಡ್ ಪಟ್ಟಣದ ಬಳಿ ಬೀಡುಬಿಟ್ಟಿದ್ದ ಗ್ರೀಕ್ ಸೈನಿಕರು ಅಲ್ಲಿಯ ಜೇನುತುಪ್ಪವನ್ನು ತಿಂದು ಅಮಲೇರಿ ಬಿದ್ದುದನ್ನು ಸೇನಾನಿ ಕ್ಸೆನೊಫನ್ ಬರೆದಿಟ್ಟಿದ್ದಾನೆ. ಆ ತುಪ್ಪವನ್ನು ಕೂಡಿಟ್ಟ ನೊಣಗಳು ಮಾತ್ರ ಬದುಕಿಯೇ ಇದ್ದವು. ಆದರೆ ಇದೇ ಗಿಡವು ಐರ್ಲೆಂಡಿಗೆ ಹೋಗಿ ಕಾಡಾಗಿ ಹಬ್ಬಿದೆ. ಅಲ್ಲಿಯ ನೊಣಗಳಿಗೆ ಈ ವಿಷವನ್ನು ಸಕ್ಕರೆ ನೀರಿನಲ್ಲಿ ಕಲಸಿ ಕೊಟ್ಟು ಪರೀಕ್ಷಿಸಿದಾಗ ಯೂರೋಪಿನ ಜೇನ್ನೊಣಗಳು ಗಂಟೆಗಳೊಳಗೆ ಸತ್ತವು, ಒಂಟಿಬದುಕಿನ ನೆಲಜೇನೊಂದು ಕೈಕಾಲು ಸೋತು ಬಿದ್ದಿತು, ದೊಡ್ಡ ಗಾತ್ರದ ರೋಮಶ ಭ್ರಮರಗಳು ಮಾತ್ರ ಏನೂ ಆಗದವುಗಳಂತೆ ಹಾರಾಡಿಕೊಂಡಿದ್ದವು. ೨೦೧೬ರಲ್ಲಿ ಪ್ರಕಟವಾದ ಈ ಪ್ರಯೋಗವು ಒಂದು ಮುಖ್ಯ ತತ್ತ್ವವನ್ನು ತಿಳಿಸುತ್ತದೆ: ವಿಷವೆಂಬುದು ವಸ್ತುವಿನಲ್ಲಿ ಮಾತ್ರ ಇಲ್ಲ, ಅದನ್ನು ಕುಡಿಯುವ ಜೀವಿಯಲ್ಲಿಯೂ ಇದೆ. ಅಮೆರಿಕಾದ ಕ್ಯಾಲಿಫೋರ್ನಿಯಾದ ಬಕ್‌ಐ ಮರವೂ ಹೀಗೆಯೇ. ೧೯೨೬ರಲ್ಲಿಯೇ ಅಲ್ಲಿಯ ವಿಶ್ವವಿದ್ಯಾನಿಲಯವು ಇದರ ಬಗ್ಗೆ ಜೇನುಗಾರರಿಗೆ ತಿಳಿವಳಿಕೆಯ ಹೊತ್ತಗೆಯನ್ನು ಹೊರಡಿಸಿತ್ತು. ಆ ಹೂವನ್ನುಂಡ ಕುಟುಂಬದಲ್ಲಿ ನೊಣಗಳ ರೋಮವುದುರಿ ಮೈ ಕಪ್ಪಾಗಿ ಹೊಳೆಯುತ್ತದೆ, ಮರಿಗಳು ಸಾಯುತ್ತವೆ, ರಾಣಿಯಿಟ್ಟ ಮೊಟ್ಟೆಗಳು ಒಡೆಯುವುದಿಲ್ಲ. ಆ ನೆಲದ ಮೂಲನಿವಾಸಿಗಳಾದ ಕೀಟಗಳಿಗೆ ಮಾತ್ರ ಅದೇ ಹೂವು ನಿತ್ಯದ ಊಟ.

ಎರಡನೆಯ ಬಗೆ ಇನ್ನೂ ವಿಚಿತ್ರವಾದುದು: ಇಲ್ಲಿ ವಿಷವಾಗುವುದು ಸಕ್ಕರೆಯೇ. ಕಬ್ಬಿನ ಸಕ್ಕರೆ, ದ್ರಾಕ್ಷಿಸಕ್ಕರೆ, ಹಣ್ಣಿನ ಸಕ್ಕರೆ ಈ ಮೂರನ್ನೂ ಜೇನ್ನೊಣವು ಸಲೀಸಾಗಿ ಅರಗಿಸಿಕೊಳ್ಳುತ್ತದೆ. ಆದರೆ ಸಕ್ಕರೆಗಳ ಕುಟುಂಬ ದೊಡ್ಡದು. ಮ್ಯಾನೋಸ್ ಎಂಬ ಸಕ್ಕರೆಯನ್ನು ಮುಂದಕ್ಕೆ ಒಯ್ಯಲು ಬೇಕಾದ ಕಿಣ್ವ ಜೇನ್ನೊಣದಲ್ಲಿ ಸಾಕಷ್ಟಿಲ್ಲ. ಅದನ್ನು ಕುಡಿಸಿದರೆ ಅದು ಶಕ್ತಿಯನ್ನು ಹೀರಿಕೊಂಡು ನಡುದಾರಿಯಲ್ಲಿಯೇ ಕಟ್ಟಿ ನಿಲ್ಲುತ್ತದೆ, ನೊಣವು ಸಕ್ಕರೆಯನ್ನುಂಡೂ ಹಸಿವಿನಿಂದ ಸತ್ತಂತಾಗುತ್ತದೆ. ಗ್ಯಾಲಕ್ಟೋಸ್, ಹಾಲಿನಲ್ಲಿರುವ ಲ್ಯಾಕ್ಟೋಸ್, ಸೋಯಾ ಮೊದಲಾದ ಕಾಳುಗಳಲ್ಲಿರುವ ರಾಫಿನೋಸ್, ಸ್ಟ್ಯಾಕಿಯೋಸ್ ಇವುಗಳೂ ಹೆಚ್ಚಾದಾಗ ನೊಣಕ್ಕೆ ಮಾರಕವೆಂದು ೧೯೭೭ರಲ್ಲಿ ಬಾರ್ಕರ್ ಎಂಬ ವಿಜ್ಞಾನಿ ತೋರಿಸಿದನು. ಚೀನಾ ದೇಶದಲ್ಲಿ ಎಣ್ಣೆಗಾಗಿ ಬೆಳೆಸುವ, ಚಹಾ ಗಿಡದ ದಾಯಾದಿಯಾದ ಒಂದು ಕೆಮೀಲಿಯಾ ಗಿಡವಿದೆ. ಅದು ಹೂಬಿಟ್ಟಾಗ ಮಕರಂದವೇನೋ ಸಮೃದ್ಧಿ. ಆದರೆ ಅದರಲ್ಲಿ ಗ್ಯಾಲಕ್ಟೋಸ್ ಕೂಡಿದ ಸಕ್ಕರೆಗಳಿರುವುದರಿಂದ ಗೂಡಿನೊಳಗೆ ಮರಿಹುಳುಗಳು ಕೊಳೆತು ಸಾಯುತ್ತವೆ. ನಮ್ಮ ದೇಶದಲ್ಲಿಯೂ ಚಹಾ ಹೂವಿನ ಮಕರಂದವು ಜೇನ್ನೊಣಗಳಿಗೆ ಕೆಡಕು ಮಾಡುವುದನ್ನು ಹಿಮಾಚಲ ಪ್ರದೇಶದಲ್ಲಿ ೧೯೮೦ರ ದಶಕದಲ್ಲಿ ಪರೀಕ್ಷಿಸಿ ನೋಡಲಾಗಿದೆ.

ಮೂರನೆಯದನ್ನು ವಿಷವೆನ್ನುವುದಕ್ಕಿಂತ ಅರುಚಿ ಅಥವಾ ಬಲೆ ಎನ್ನುವುದು ಲೇಸು. ಉಳ್ಳಾಗಡ್ಡಿಯ ಮಕರಂದದಲ್ಲಿ ಪೊಟ್ಯಾಸಿಯಂ ಲವಣವು ವಿಪರೀತವಾಗಿರುತ್ತದೆ. ಬೇರೆ ಹೂವು ಸಿಕ್ಕುವ ತನಕ ಮಾತ್ರ ನೊಣಗಳು ಅದಕ್ಕೆ ಬರುತ್ತವೆ. ಪಕ್ಕದಲ್ಲಿ ರುಚಿಯಾದುದು ಅರಳಿತೆಂದರೆ ಉಳ್ಳಾಗಡ್ಡಿಯ ಹೊಲ ಬರಿದಾಗುತ್ತದೆ. ಬೀಜಕ್ಕಾಗಿ ಉಳ್ಳಾಗಡ್ಡಿ ಬೆಳೆಯುವವರು ಈ ಮಾತನ್ನು ಮನಸ್ಸಿನಲ್ಲಿಡಬೇಕು. ನಮ್ಮ ಎಕ್ಕದ ಗಿಡದ ಅಮೆರಿಕಾದ ಬಂಧುಗಳಲ್ಲಿ ಪರಾಗವು ಪುಡಿಯಾಗಿರದೆ ಕೊಂಡಿಯುಳ್ಳ ಜೋಡಿ ಗಂಟಾಗಿರುತ್ತದೆ. ಹೂವಿನ ಸೀಳಿನಲ್ಲಿ ಕಾಲು ಸಿಕ್ಕಿಬಿದ್ದ ಜೇನ್ನೊಣ ಎಳೆದಾಡಿ ಅಲ್ಲಿಯೇ ಸಾಯುವುದುಂಟು. ನಮ್ಮ ಎಕ್ಕಕ್ಕೆ ತಕ್ಕ ಬಲವುಳ್ಳ ಅತಿಥಿ ಕರಿಯ ಮರದುಂಬಿ. ಮೈಯೆಲ್ಲ ವಿಷವಾದ ಕಣಗಿಲೆಯ ಹೂವಂತೂ ಮಕರಂದವನ್ನೇ ಇಟ್ಟುಕೊಂಡಿಲ್ಲ. ಬಣ್ಣ, ಕಂಪುಗಳನ್ನು ತೋರಿಸಿ ಬರಿಗೈಯಲ್ಲಿ ಕಳುಹಿಸುವ ಹೂವು ಅದು.

ಕಥೆಯನ್ನೂ ಪರೀಕ್ಷಿಸಬೇಕು

ಹೂವಿನ ಕೆಳಗೆ ನೊಣ ಸತ್ತು ಬಿದ್ದಿದ್ದರೆ ಹೂವೇ ಕೊಂದಿತೆಂದು ತೀರ್ಮಾನಿಸುವುದು ಎಲ್ಲ ವೇಳೆಯೂ ಸರಿಯಲ್ಲ. ಯೂರೋಪಿನಲ್ಲಿ ಲಿಂಡನ್ ಎಂಬ ಸಾಲುಮರಗಳಿವೆ. ಬೇಸಿಗೆಯಲ್ಲಿ ಅವು ಹೂವಾದಾಗ ಬುಡದಲ್ಲಿ ನೂರಾರು ರೋಮಶ ಭ್ರಮರಗಳು ಸತ್ತಿರುವುದನ್ನು ಜನ ಕಾಣುತ್ತಿದ್ದರು. ಮಕರಂದದಲ್ಲಿ ಮ್ಯಾನೋಸ್ ಇರುವುದೇ ಇದಕ್ಕೆ ಕಾರಣವೆಂಬ ವಿವರಣೆ ದಶಕಗಳ ಕಾಲ ಪುಸ್ತಕದಿಂದ ಪುಸ್ತಕಕ್ಕೆ ಹರಿದು ಬಂದಿತು. ೨೦೧೭ರಲ್ಲಿ ಕೋಖ್ ಮತ್ತು ಸ್ಟೀವನ್ಸನ್ ಎಂಬ ವಿಜ್ಞಾನಿಗಳು ಹಳೆಯ ಬರಹಗಳನ್ನೆಲ್ಲ ಜಾಲಾಡಿ ನೋಡಿ, ಈ ವಿವರಣೆಗೆ ಬಲವಾದ ಆಧಾರವಿಲ್ಲವೆಂದು ತೋರಿಸಿದರು. ಮರವು ಹೂಬಿಡುವ ಆ ದಿನಗಳಲ್ಲಿ ಸುತ್ತಮುತ್ತ ಬೇರೆ ಹೂವಿಲ್ಲ. ನೊಣಗಳೆಲ್ಲ ಒಂದೇ ಮರಕ್ಕೆ ಮುತ್ತುತ್ತವೆ. ಮಕರಂದ ತೀರುತ್ತ ಬಂದರೂ ಅವು ಅಲ್ಲಿಂದ ಕದಲುವುದಿಲ್ಲ. ಕಡೆಗೆ ಹಸಿದು ಬೀಳುತ್ತವೆ ಎಂಬುದೂ ಅವರು ಮುಂದಿಟ್ಟ ಕಾರಣಗಳಲ್ಲೊಂದು. ಈ ಉದಾಹರಣೆಯನ್ನು ವಾಚಕರು ನೆನಪಿನಲ್ಲಿಡಬೇಕು. ಒಂದೇ ಹೂವನ್ನು ನೆಚ್ಚಿ ಕುಳಿತ ನೊಣದ ಪಾಡು, ಹೂವಿನಲ್ಲಿ ವಿಷವಿರಲಿ ಇಲ್ಲದಿರಲಿ, ಅಪಾಯದ್ದೇ.

ಗಿಡಕ್ಕೇಕೆ ಈ ಬುದ್ಧಿ?

ಕರೆದು ಕೂರಿಸಿದ ಅತಿಥಿಗೆ ವಿಷವಿಡುವುದರಿಂದ ಗಿಡಕ್ಕೆ ಪ್ರಯೋಜನವೇನು? ಇದಕ್ಕೆ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ. ಎಲೆ, ಕಾಂಡ, ಬೇರುಗಳನ್ನು ಮೇಯುವ ಪ್ರಾಣಿಗಳಿಂದ ಕಾಪಾಡಿಕೊಳ್ಳಲು ಗಿಡವು ತಯಾರಿಸುವ ರಸಾಯನಗಳು ಅದರ ನಾಳಗಳಲ್ಲಿ ಹರಿಯುತ್ತ ಮಕರಂದಕ್ಕೂ ಒಂದಿಷ್ಟು ಸೇರುತ್ತವೆ ಎಂಬುದು ಮೊದಲನೆಯ ಉತ್ತರ. ಇದರಲ್ಲಿ ಉದ್ದೇಶವೇನೂ ಇಲ್ಲ. ಅಯೋಗ್ಯ ಅತಿಥಿಗಳನ್ನು ದೂರವಿಟ್ಟು ಯೋಗ್ಯರಿಗೆ ಮಾತ್ರ ಬಡಿಸುವ ಉಪಾಯವಿದೆಂಬುದು ಎರಡನೆಯದು. ಉತ್ತರ ಅಮೆರಿಕಾದಲ್ಲಿ 'ಸಾವಿನ ಕ್ಯಾಮಸ್' ಎಂಬ ಅನ್ವರ್ಥನಾಮದ ಗಿಡವೊಂದುಂಟು. ಅದರ ಪರಾಗ, ಮಕರಂದಗಳು ಜೇನ್ನೊಣವನ್ನು ಕೊಲ್ಲುತ್ತವೆ. ಆದರೆ ಒಂದು ಜಾತಿಯ ನೆಲಜೇನು ಅದೇ ಹೂವಿನ ಪರಾಗವನ್ನೇ ಮರಿಗಳಿಗೆ ಉಣಿಸಿ ಬದುಕುತ್ತದೆ. ಮಕರಂದ ಕೆಡದಂತೆ ಸೂಕ್ಷ್ಮಜೀವಿಗಳನ್ನು ತಡೆಯಲೂ ಈ ರಸಾಯನಗಳು ನೆರವಾಗಬಹುದೆಂಬುದು ಇನ್ನೊಂದು ಉತ್ತರ.

ಪ್ರಮಾಣವು ಅಲ್ಪವಾದಾಗ ವಿಷವೇ ಆಮಿಷವಾಗುವುದೂ ಉಂಟು. ಕೊಡಗು, ಚಿಕ್ಕಮಗಳೂರುಗಳಲ್ಲಿ ಹೂಮಳೆ ಬಿದ್ದು ಕಾಫಿತೋಟಗಳು ಒಮ್ಮೆಗೇ ಬೆಳ್ಳಗಾಗುವುದನ್ನೂ ಅಲ್ಲಿ ಹೆಜ್ಜೇನು, ತುಡುವೆಗಳು ಮೊರೆಯುವುದನ್ನೂ ಕಂಡವರು ಬಲ್ಲರು. ಕಾಫಿಯ ಮಕರಂದದಲ್ಲಿಯೂ ಕೆಫೀನ್ ಇದೆ. ಅದು ಹೆಚ್ಚಾದರೆ ಕಹಿ, ಮತ್ತೂ ಹೆಚ್ಚಾದರೆ ವಿಷ. ಆದರೆ ಹೂವಿನಲ್ಲಿ ಅದರ ಪ್ರಮಾಣ ನೊಣದ ನಾಲಗೆಗೆ ಕಹಿಯೆನಿಸುವ ಮಟ್ಟವನ್ನು ಮುಟ್ಟುವುದಿಲ್ಲ. ೨೦೧೩ರಲ್ಲಿ ಜೆರಾಲ್ಡಿನ್ ರೈಟ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ, ಇಷ್ಟು ಕೆಫೀನ್ ಬೆರೆತ ಸಿಹಿಯನ್ನು ಕುಡಿದ ನೊಣಗಳಲ್ಲಿ ಒಂದು ದಿನದ ಅನಂತರವೂ ಹೂವಿನ ಕಂಪನ್ನು ನೆನಪಿಟ್ಟವುಗಳ ಸಂಖ್ಯೆ ಮೂರರಷ್ಟಾಗಿತ್ತು. ನೆನಪು ಬಲವಾದ ನೊಣ ಮತ್ತೆ ಅದೇ ಜಾತಿಯ ಹೂವನ್ನು ಹುಡುಕಿಕೊಂಡು ಬರುತ್ತದೆ. ಒಂದು ತೊಟ್ಟಿನಲ್ಲಿ ಔಷಧ, ಒಂದು ಬೊಗಸೆಯಲ್ಲಿ ವಿಷ ಎಂಬ ವೈದ್ಯರ ವಿವೇಕವನ್ನು ಹೂವು ಪಾಲಿಸುತ್ತಿದೆಯೆನ್ನಬೇಕು. ಔಷಧವೆಂಬುದು ಇಲ್ಲಿ ಬರಿಯ ಉಪಮೆಯೂ ಅಲ್ಲ. ಜೆಲ್ಸಿಮಿಯಂ ಎಂಬ ವಿಷಬಳ್ಳಿಯ ಮಕರಂದದಲ್ಲಿರುವ ಆಲ್ಕಲಾಯ್ಡು, ರೋಮಶ ಭ್ರಮರಗಳ ಕರುಳಿನ ಪರೋಪಜೀವಿಯೊಂದನ್ನು ಕಡಿಮೆ ಮಾಡುತ್ತದೆಂದು ೨೦೧೦ರಲ್ಲಿ ಕಂಡುಬಂದಿತು. ಸೂರ್ಯಕಾಂತಿಯ ಪರಾಗಕ್ಕೂ ಅಂಥ ಗುಣವಿದೆಯೆಂದು ೨೦೧೮ರಲ್ಲಿ ತಿಳಿಯಿತು.

ಜೇನ್ನೊಣದ ಕವಚ

ವಿಷವನ್ನು ಮುರಿಯಲು ಕೀಟಗಳ ದೇಹದಲ್ಲಿ ವಿಶೇಷ ಕಿಣ್ವಗಳಿವೆ. ಎಲೆ ತಿನ್ನುವ ಹುಳುಗಳಿಗೆ ಇವು ದಿನನಿತ್ಯದ ಅಗತ್ಯ. ಸಿಹಿಯನ್ನೇ ಉಂಡು ಬಂದ ಜೇನ್ನೊಣದಲ್ಲಿ ಈ ಶಸ್ತ್ರಾಗಾರ ಚಿಕ್ಕದು. ೨೦೦೬ರಲ್ಲಿ ಯೂರೋಪಿನ ಜೇನ್ನೊಣದ ಸಮಗ್ರ ವಂಶವಾಹಿಯನ್ನು ಓದಿದಾಗ, ವಿಷನಿವಾರಣೆಗೆ ಒದಗುವ ಪಿ-೪೫೦ ಎಂಬ ಗುಂಪಿನ ಜೀನುಗಳು ಅದರಲ್ಲಿ ೪೬ ಮಾತ್ರ ಇರುವುದು ತಿಳಿದುಬಂದಿತು. ಹಣ್ಣಿನ ನೊಣದಲ್ಲಿ ಇವು ಎಂಬತ್ತನ್ನು ಮೀರುತ್ತವೆ.

ಆದರೆ ಜೇನ್ನೊಣ ಒಂಟಿಯಲ್ಲ, ಕುಟುಂಬಸ್ಥ. ಅದರ ನಿಜವಾದ ಕವಚ ಆ ಕುಟುಂಬವೇ. ಸಾವಿರಾರು ನೊಣಗಳು ನೂರು ಬಗೆಯ ಹೂಗಳಿಂದ ತಂದ ರಸವು ಗೂಡಿನಲ್ಲಿ ಬೆರೆಯುತ್ತದೆ. ಒಂದು ಹೂವಿನ ವಿಷ ಉಳಿದ ತೊಂಬತ್ತೊಂಬತ್ತರ ಅಮೃತದಲ್ಲಿ ಕರಗಿ ನಿರುಪದ್ರವಿಯಾಗುತ್ತದೆ. ಇನ್ನೂ ಒಂದು ವಿಶೇಷವಿದೆ: ಪರಾಗದಲ್ಲಿಯೂ ಜೇನಿನಲ್ಲಿಯೂ ಸಹಜವಾಗಿರುವ ಪಿ-ಕೌಮಾರಿಕ್ ಆಮ್ಲವೆಂಬ ವಸ್ತುವು ನೊಣದ ವಿಷನಿವಾರಕ ಜೀನುಗಳನ್ನು ಎಚ್ಚರಿಸುತ್ತದೆಂದು ೨೦೧೩ರಲ್ಲಿ ಅಮೆರಿಕಾದ ಮೇ ಬೆರೆನ್‌ಬಾಮ್ ಮತ್ತು ಸಂಗಡಿಗರು ತೋರಿಸಿದರು. ಅಂದರೆ ನೈಜವಾದ ಆಹಾರವನ್ನುಂಡ ನೊಣ, ಬರಿಯ ಸಕ್ಕರೆ ಪಾಕದಿಂದ ಬದುಕಿದ ನೊಣಕ್ಕಿಂತ ವಿಷವನ್ನು ಚೆನ್ನಾಗಿ ಎದುರಿಸಬಲ್ಲುದು. ನಿಕೋಟಿನ್ ಬೆರೆತ ಆಹಾರ ಕೊಟ್ಟು ನೋಡಿದ ಪ್ರಯೋಗಗಳಲ್ಲಿಯೂ ಬಲಿಷ್ಠ ಕುಟುಂಬದ ನೊಣಗಳು ತಾಳಿಕೊಂಡಷ್ಟು ದುರ್ಬಲ ಕುಟುಂಬದವು ತಾಳಿಕೊಳ್ಳಲಿಲ್ಲ.

ಇಷ್ಟನ್ನು ಒಟ್ಟುಗೂಡಿಸಿ ನೋಡಿದರೆ, ವಿಷಪುಷ್ಪವು ಯಾವಾಗ ನಿಜವಾಗಿ ಮುಳುವಾಗುತ್ತದೆಂಬುದು ಸ್ಪಷ್ಟವಾಗುತ್ತದೆ. ಬೇರೆ ಹೂವಿಲ್ಲದಾಗ ಅದು ಮುಳುವಾಗುತ್ತದೆ. ಬರಗಾಲದಲ್ಲಿ, ಬೇಸಿಗೆಯಲ್ಲಿ, ಬದುಬೇಲಿಗಳನ್ನು ಸವರಿ ಒಂದೇ ಬೆಳೆಯನ್ನು ಹಬ್ಬಿಸಿದ ನೆಲದಲ್ಲಿ ನೊಣಕ್ಕೆ ಆಯ್ಕೆಯೇ ಇರುವುದಿಲ್ಲ.

ಮನುಷ್ಯನು ಬೆರೆಸಿದ ವಿಷ

ಇಲ್ಲಿಗೆ ನಾವು ನಮ್ಮ ಹೊಲಕ್ಕೆ ಮರಳಬೇಕಾಗುತ್ತದೆ. ಪ್ರಕೃತಿಯು ವಿಷವಿಡದ ಹೂವಿನಲ್ಲಿಯೂ ಮನುಷ್ಯನು ವಿಷವಿಡಬಲ್ಲನು. ಹೊಗೆಸೊಪ್ಪಿನ ನಿಕೋಟಿನ್ನಿನಂತೆಯೇ ಕೀಟಗಳ ನರಗಳ ಮೇಲೆ ವರ್ತಿಸುವ, ಅದನ್ನು ಹೋಲಿಸಿಯೇ ಹೆಸರಿಟ್ಟ ನಿಯೋನಿಕೋಟಿನಾಯ್ಡ್ ಎಂಬ ಕೃತಕ ಕೀಟನಾಶಕಗಳಿವೆ. ಇಮಿಡಾಕ್ಲೋಪ್ರಿಡ್ ಇವುಗಳಲ್ಲಿ ಪ್ರಸಿದ್ಧವಾದುದು. ಹತ್ತಿ ಮೊದಲಾದ ಬೆಳೆಗಳ ಬೀಜಕ್ಕೆ ಇದನ್ನು ಲೇಪಿಸಿ ಬಿತ್ತುತ್ತಾರೆ. ಬೇರಿನ ಮೂಲಕ ಹೀರಲ್ಪಟ್ಟ ಔಷಧ ಗಿಡದ ರಸದೊಡನೆ ಮೇಲೇರಿ ಎಲೆಯನ್ನು ಹೀರುವ ಕೀಟಗಳನ್ನು ಕೊಲ್ಲುತ್ತದೆ. ಅದರ ಲೇಶಾಂಶ ಹೂವಿನ ಮಕರಂದಕ್ಕೂ ಪರಾಗಕ್ಕೂ ಸೇರುತ್ತದೆ. ಹೀಗೆ ನಿರ್ದೋಷಿಯಾದ ಹೂವೂ ವಿಷದ ಬಟ್ಟಲಾಗುತ್ತದೆ.

ಈ ಲೇಶವು ನೊಣವನ್ನು ಕೂಡಲೇ ಕೊಲ್ಲಬೇಕೆಂದಿಲ್ಲ. ೨೦೧೨ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ನೊಣಗಳ ಬೆನ್ನಿಗೆ ಅತಿಸಣ್ಣ ವಿದ್ಯುನ್ಮಾನ ಗುರುತುಪಟ್ಟಿಗಳನ್ನು ಅಂಟಿಸಿ, ಇದೇ ಗುಂಪಿನ ಥಯಾಮೆಥಾಕ್ಸಾಮ್ ಎಂಬುದನ್ನು ಮಾರಕವಲ್ಲದ ಪ್ರಮಾಣದಲ್ಲಿ ಕುಡಿಸಿ ದೂರದಲ್ಲಿ ಬಿಟ್ಟರು. ಅವುಗಳಲ್ಲಿ ಗೂಡಿಗೆ ಹಿಂದಿರುಗದೆ ದಾರಿ ತಪ್ಪಿದವು ಗಣನೀಯವಾಗಿ ಹೆಚ್ಚಾಗಿದ್ದವು. ೨೦೧೫ರಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತು: ಈ ವಿಷಗಳ ರುಚಿ ನೊಣಕ್ಕೆ ತಿಳಿಯುವುದೇ ಇಲ್ಲ, ಅಷ್ಟೇ ಅಲ್ಲ, ಶುದ್ಧವಾದ ಸಕ್ಕರೆ ನೀರನ್ನೂ ವಿಷ ಬೆರೆಸಿದುದನ್ನೂ ಅಕ್ಕಪಕ್ಕದಲ್ಲಿಟ್ಟರೆ ಅವು ವಿಷದ ಕಡೆಗೇ ಹೆಚ್ಚಾಗಿ ಹೋಗುತ್ತವೆ. ಸಸ್ಯವು ತಾನೇ ಮಾಡಿದ ವಿಷಗಳಲ್ಲಿ ಹಲವಕ್ಕೆ ಕಹಿಯೆಂಬ ಎಚ್ಚರಿಕೆಯ ಗಂಟೆಯುಂಟು. ಕಾರ್ಖಾನೆಯ ವಿಷಕ್ಕೆ ಅದಿಲ್ಲ. ಫ್ರಾನ್ಸ್ ದೇಶವು ಸೂರ್ಯಕಾಂತಿಯ ಬೀಜಕ್ಕೆ ಇಮಿಡಾಕ್ಲೋಪ್ರಿಡ್ ಲೇಪಿಸುವುದನ್ನು ೧೯೯೯ರಲ್ಲಿಯೇ ತಡೆಹಿಡಿಯಿತು. ಯೂರೋಪಿನ ಒಕ್ಕೂಟವು ಈ ಗುಂಪಿನ ಮೂರು ಔಷಧಗಳಿಗೆ ೨೦೧೩ರಲ್ಲಿ ಕಟ್ಟುಪಾಡು ಹಾಕಿ, ೨೦೧೮ರಲ್ಲಿ ಬಯಲಿನ ಬೆಳೆಗಳಲ್ಲಿ ಅವುಗಳ ಬಳಕೆಯನ್ನೇ ನಿಷೇಧಿಸಿತು.

ಬಿಟಿ ಹತ್ತಿಯ ಹೂವು ಜೇನನ್ನು ಕೊಲ್ಲುತ್ತದೆಯೇ ಎಂದು ಕೇಳುವವರುಂಟು. ಆ ಹತ್ತಿಯಲ್ಲಿರುವ ಪ್ರೋಟೀನು ಕಾಯಿಕೊರಕದಂತಹ ಪತಂಗಜಾತಿಯ ಮರಿಹುಳುಗಳ ಕರುಳಿನಲ್ಲಿ ಮಾತ್ರ ಕೆಲಸ ಮಾಡುವಂತಹುದು. ಅನೇಕ ಪ್ರಯೋಗಗಳನ್ನು ಒಟ್ಟಾಗಿ ತೂಗಿ ನೋಡಿದ ೨೦೦೮ರ ಸಮೀಕ್ಷೆಯಲ್ಲಿ ಜೇನ್ನೊಣಗಳಿಗೆ ಅದರಿಂದ ಕೆಡಕು ಕಂಡುಬರಲಿಲ್ಲ. ಜೇನಿನ ಮಟ್ಟಿಗೆ ಹತ್ತಿಯ ಹೊಲದಲ್ಲಿ ಅಂಜಬೇಕಾದುದು ಬೀಜದ ಲೇಪ ಮತ್ತು ಮೇಲಿನ ಸಿಂಪಡಣೆಗಳಿಗೆ. ಹತ್ತಿಯ ಎಲೆಯ ನರದ ಮೇಲೂ ಹೂವಿನ ಹೊರಗಡೆಯೂ ಮಕರಂದದ ಗ್ರಂಥಿಗಳಿರುವುದರಿಂದ, ಹೂವರಳದ ದಿನಗಳಲ್ಲಿಯೂ ನೊಣಗಳು ಅಲ್ಲಿಗೆ ಬರುತ್ತವೆ ಎಂಬುದನ್ನು ಸಿಂಪಡಿಸುವವರು ಮರೆಯಬಾರದು.

ಗುರುತಿಸುವ ಬಗೆ

ಜೇನುಪೆಟ್ಟಿಗೆಯ ಮುಂದೆ ನೊಣಗಳು ಸತ್ತಿದ್ದರೆ ಕಾರಣವನ್ನು ಊಹಿಸಲು ಕೆಲವು ಲಕ್ಷಣಗಳು ನೆರವಾಗುತ್ತವೆ. ಒಂದೇ ದಿನದಲ್ಲಿ ಹಠಾತ್ತಾಗಿ ರಾಶಿರಾಶಿಯಾಗಿ, ನಾಲಗೆ ಹೊರಚಾಚಿ, ಕೆಲವು ಕಾಲಿನಲ್ಲಿ ಪರಾಗದ ಉಂಡೆಯನ್ನು ಹೊತ್ತಂತೆಯೇ ಸತ್ತಿದ್ದರೆ ಸಂಶಯ ಮೊದಲು ಹೋಗಬೇಕಾದುದು ಸಿಂಪಡಣೆಯ ಕಡೆಗೆ. ಸಾವು ನಿಧಾನವಾಗಿ ದಿನಗಟ್ಟಲೆ, ವಾರಗಟ್ಟಲೆ ನಡೆದು, ಪ್ರತಿವರ್ಷವೂ ಒಂದೇ ಋತುವಿನಲ್ಲಿ ಕಾಣಿಸಿಕೊಂಡು, ಯಾವುದೋ ಒಂದು ಹೂವು ಮುಗಿಯುತ್ತಲೇ ತಾನೂ ನಿಲ್ಲುವುದಾದರೆ ಸಸ್ಯವಿಷವನ್ನು ಶಂಕಿಸಬಹುದು. ಮರಿಹುಳು ನೀರು ತುಂಬಿದ ಚೀಲದಂತಾಗಿ ಕೋಶದಲ್ಲಿ ತಲೆಯೆತ್ತಿ ಸತ್ತಿದ್ದರೆ ಅದು ಹೂವಿನ ತಪ್ಪಲ್ಲ. ೧೯೯೧-೯೨ರಲ್ಲಿ ಕರ್ನಾಟಕದ ತುಡುವೆ ಕುಟುಂಬಗಳನ್ನು ಅಪಾರ ಸಂಖ್ಯೆಯಲ್ಲಿ ನಾಶಮಾಡಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗದ ಲಕ್ಷಣ.

ಸಾಕುವವನ ಕೈಯಿಂದಲೇ ವಿಷವಿಕ್ಕುವ ಪ್ರಸಂಗಗಳೂ ಇವೆ. ಹೂವಿಲ್ಲದ ಕಾಲದಲ್ಲಿ ಕೊಡುವ ಪಾಕವನ್ನು ಶುದ್ಧವಾದ ಬಿಳಿ ಸಕ್ಕರೆಯಿಂದಲೇ ಮಾಡಬೇಕು. ಕಾಕಂಬಿಯಾಗಲಿ ಕರಿಬೆಲ್ಲವಾಗಲಿ ನೊಣಕ್ಕೆ ಒಗ್ಗುವುದಿಲ್ಲ. ಪರಾಗಕ್ಕೆ ಬದಲಾಗಿ ಕೊಡುವ ಹಿಟ್ಟಿನಲ್ಲಿ ಹಾಲಿನ ಪುಡಿ ಹೆಚ್ಚಾಗಕೂಡದು. ಹಾಲಿನ ಸಕ್ಕರೆ ನಮಗೆ ಪುಷ್ಟಿ, ಜೇನ್ನೊಣಕ್ಕೆ ವಿಷ.

ಮಾಡಬಹುದಾದುದು

ಹೊಸದಾಗಿ ಸಾಲುಮರ ನೆಡುವ ಪಂಚಾಯಿತಿಗಳೂ ಶಾಲೆಗಳೂ ನೀರುಕಾಯಿ ಮರದ ಚೆಲುವಿಗೆ ಮನಸೋಲದೆ ಹೊಂಗೆ, ಬೇವು, ಹುಣಸೆ, ನೇರಳೆಗಳನ್ನು ಆರಿಸಿಕೊಂಡರೆ ನೆರಳೂ ಸಿಕ್ಕೀತು, ಜೇನಿಗೆ ಊಟವೂ ಸಿಕ್ಕೀತು. ಹಾವೇರಿ ಸೀಮೆಯ ಬೇಸಿಗೆಯಲ್ಲಿ ಹೊಲಗಳು ಬರಿದಾಗಿರುವಾಗ ಜೇನುಗಳನ್ನು ಬದುಕಿಸುವವು ಇಂತಹ ಮರಗಳೇ. ಗೋವಿನಜೋಳದ ಪರಾಗ ಯಥೇಚ್ಛವಾಗಿ ದೊರೆಯುತ್ತದಾದರೂ ಅದರಲ್ಲಿ ಪೌಷ್ಟಿಕತೆ ಕಡಿಮೆ. ಅದೊಂದನ್ನೇ ಉಂಡ ಕುಟುಂಬ ಬಲಗೊಳ್ಳುವುದಿಲ್ಲ. ಹೊಲದ ಬದುವಿನಲ್ಲಿ ಎಳ್ಳು, ಗುರೆಳ್ಳು, ಕುಸುಬಿ, ತೊಗರಿಗಳ ಸಾಲುಗಳಿದ್ದರೆ ಊಟದಲ್ಲಿ ಬಗೆಬಗೆಯುಂಟಾಗುತ್ತದೆ. ಔಷಧ ಸಿಂಪಡಿಸಲೇಬೇಕಾದ ದಿನ ನೊಣಗಳು ಗೂಡು ಸೇರಿದ ಮೇಲೆ, ಇಳಿಹೊತ್ತಿನಲ್ಲಿ ಸಿಂಪಡಿಸಬೇಕು. ಬೇವಿನ ಕಷಾಯವೆಂದು ಉದಾಸೀನ ಮಾಡುವುದೂ ಸಲ್ಲದು. ದೊಡ್ಡ ನೊಣಗಳಿಗೆ ಅದರಿಂದ ಹೆಚ್ಚು ಅಪಾಯವಿಲ್ಲದಿದ್ದರೂ ಮರಿಹುಳುಗಳು ಅದನ್ನು ತಾಳಲಾರವು.

ವಿಷದ ಹೂವುಗಳನ್ನೆಲ್ಲ ಭೂಮಿಯಿಂದ ಕಿತ್ತೊಗೆಯುವುದು ಸಾಧ್ಯವೂ ಅಲ್ಲ, ಅವಶ್ಯವೂ ಅಲ್ಲ. ಲಕ್ಷಾಂತರ ವರ್ಷಗಳಿಂದ ಜೇನುಗಳು ಅವುಗಳ ನಡುವೆಯೇ ಬಾಳಿ ಬಂದಿವೆ. ನೂರು ಹೂಗಳಲ್ಲಿ ಒಂದು ವಿಷವಾದರೆ ಕುಟುಂಬ ಅದನ್ನು ನುಂಗಿಕೊಳ್ಳುತ್ತದೆ. ಇರುವುದೇ ಒಂದು ಹೂವಾಗಿ ಅದರಲ್ಲಿಯೂ ವಿಷವಿದ್ದರೆ ಅದಕ್ಕೆ ದಾರಿಯಿಲ್ಲ. ನಮ್ಮ ಬದುಗಳಲ್ಲಿ, ಬೇಲಿಗಳಲ್ಲಿ, ಊರಬಾಗಿಲ ಮರಗಳಲ್ಲಿ ಎಷ್ಟು ಬಗೆಯ ಹೂಗಳು ಉಳಿದಿವೆಯೆಂಬುದನ್ನು ಎಣಿಸಿಕೊಂಡರೆ, ನಮ್ಮ ಜೇನುಗಳಿಗೆ ಎಷ್ಟು ರಕ್ಷಣೆ ಉಳಿದಿದೆಯೆಂಬ ಲೆಕ್ಕವೂ ತಾನಾಗಿ ಸಿಕ್ಕುತ್ತದೆ.